ಬಾಂಬ್ ಪ್ರಕರಣದ ತೀರ್ಪಿನಲ್ಲಿ ಬೆಣ್ಣೆ ಯಾಕೆ ಬಂತು? ರೇನ್‌ಬೋ ವಾರಿಯರ್ ಟಿಪ್ಪಣಿ

1985ರ ಜುಲೈ 10ರ ರಾತ್ರಿ. ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲಿ ನಿಂತಿದ್ದ, ಪರಿಸರ ಸಂಘಟನೆ ಗ್ರೀನ್‌ಪೀಸ್ ಹಡಗು ರೇನ್‌ಬೋ ವಾರಿಯರ್ ಎರಡು ಬಾಂಬ್ ಸಿಡಿದು ಮುಳುಗಿತು. ಫೆರ್ನಾಂಡೊ ಪೆರೇರಾ ಎಂಬ ಫೋಟೋಗ್ರಾಫರ್ ಹಡಗಿನೊಳಗೇ ಪ್ರಾಣ ಬಿಟ್ಟರು. ಪೆಸಿಫಿಕ್ ಸಾಗರದ ಮೊರುರೋವಾ ದ್ವೀಪದಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಅಣುಪರೀಕ್ಷೆ ವಿರೋಧಿಸಲು ಹಡಗು ಅತ್ತ ಹೊರಡುವುದಿತ್ತು.

ಇದನ್ನು ಓದುವಾಗ ನಾವೆಲ್ಲ ಗೂಢಚಾರರ ಕಥೆಯಲ್ಲೇ ನಿಂತುಬಿಡುತ್ತೇವೆ. ದೋಣಿ ಕ್ಲಬ್ಬಿನ ಹತ್ತಿರ ಕಾವಲಿದ್ದ ಊರಿನವರು ಅನುಮಾನ ಬಂದು ಒಂದು ವ್ಯಾನಿನ ನಂಬರ್ ಬರೆದಿಟ್ಟುಕೊಂಡರು. ಆ ಬಾಡಿಗೆ ವ್ಯಾನನ್ನು ವಾಪಸ್ ಕೊಡಲು ಬಂದ 'ಸ್ವಿಸ್ ದಂಪತಿ' ಪೊಲೀಸರಿಗೆ ಸಿಕ್ಕಿಬಿದ್ದರು. ಇಬ್ಬರೂ ಫ್ರಾನ್ಸಿನ ಗುಪ್ತಚರ ಸಂಸ್ಥೆಯವರು: ಅಲಾಂ ಮಫಾರ್, ಡೊಮಿನಿಕ್ ಪ್ರಿಯೂರ್. ಆದರೆ ನಾವು ಕಲಿಯಬೇಕಾದ್ದು ಆಮೇಲಿನದ್ದು. ಯಾರು ಏನು ಹೇಳಿದರು, ಯಾರು ಬಾಯಿ ಬಿಡಲಿಲ್ಲ?

ಫ್ರಾನ್ಸ್ ಮೊದಲು ತನಗೆ ಸಂಬಂಧವೇ ಇಲ್ಲ ಎಂದಿತು. ಅಣ್ವಸ್ತ್ರವೇ ಅದರ ರಕ್ಷಣೆಯ ಬುನಾದಿ. ಒಪ್ಪಿಕೊಂಡರೆ ಪರೀಕ್ಷೆಗಳ ಮೇಲೇ ಪ್ರಶ್ನೆ ಏಳುತ್ತಿತ್ತು. ಪತ್ರಿಕೆಗಳು ಬೆನ್ನುಹತ್ತಿದವು, ರಕ್ಷಣಾ ಸಚಿವ ಶಾರ್ಲ್ ಎರ್ನು ರಾಜೀನಾಮೆ ಕೊಟ್ಟರು. ಕೊನೆಗೆ ಸೆಪ್ಟೆಂಬರ್ 22ರಂದು ಪ್ರಧಾನಿ ಲೊರಾಂ ಫಾಬಿಯಸ್ ಒಪ್ಪಿಕೊಂಡರು.

ಇನ್ನು ನ್ಯೂಜಿಲೆಂಡಿನ ಗೆಳೆಯರು. ಅಮೆರಿಕ, ಬ್ರಿಟನ್ ಎರಡೂ ಗಟ್ಟಿಯಾಗಿ ಖಂಡಿಸಲಿಲ್ಲ. ಅದೇ ವರ್ಷ ಅಮೆರಿಕದ ಬುಕಾನನ್ ಯುದ್ಧನೌಕೆಯನ್ನು ನ್ಯೂಜಿಲೆಂಡ್ ತನ್ನ ಬಂದರಿಗೆ ಬಿಟ್ಟುಕೊಂಡಿರಲಿಲ್ಲ. ಅದರಲ್ಲಿ ಅಣ್ವಸ್ತ್ರ ಇದೆಯೋ ಇಲ್ಲವೋ ಎಂದು ಹೇಳಲು ಅಮೆರಿಕ ಒಪ್ಪಿರಲಿಲ್ಲ. ಆ ಮುನಿಸು ಇತ್ತು. ಜೊತೆಗೆ ಫ್ರಾನ್ಸ್ ಇಬ್ಬರಿಗೂ ಬೇಕಾದ ಮಿತ್ರದೇಶ. ಒಬ್ಬ ಮನುಷ್ಯ ಸತ್ತಿದ್ದಾನೆ, ತಪ್ಪೊಪ್ಪಿಗೆಯೂ ಇದೆ, ಆದರೂ ಈ ಮೌನ. ಇಲ್ಲಿಗೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈಗ ಬೆಣ್ಣೆಗೆ ಬರೋಣ. ಏಜೆಂಟರಿಗೆ ನ್ಯೂಜಿಲೆಂಡ್ ಕೋರ್ಟು ನರಹತ್ಯೆಗೆ 10 ವರ್ಷ ಜೈಲು ವಿಧಿಸಿತ್ತು. ಅವರನ್ನು ಬಿಡುವುದಿಲ್ಲ ಎಂದು ಪ್ರಧಾನಿ ಡೇವಿಡ್ ಲ್ಯಾಂಗಿ ಪಟ್ಟು ಹಿಡಿದಿದ್ದರು. ಆದರೆ ನ್ಯೂಜಿಲೆಂಡ್ ರೈತರ ಬೆಣ್ಣೆಗೆ ಆಗ ಬ್ರಿಟನ್ ದೊಡ್ಡ ಮಾರುಕಟ್ಟೆ. ಅಲ್ಲಿಗೆ ಎಷ್ಟು ಹೋಗಬೇಕು ಅನ್ನೋದನ್ನು ತೀರ್ಮಾನಿಸುತ್ತಿದ್ದದ್ದು ಬ್ರಿಟನ್, ಫ್ರಾನ್ಸ್ ಎರಡೂ ಸದಸ್ಯರಾಗಿದ್ದ ಯುರೋಪಿಯನ್ ಸಮುದಾಯ. ಅದರಲ್ಲಿ ಫ್ರಾನ್ಸಿನ ಮಾತು ಜೋರಾಗಿತ್ತು. 1986ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಹವಿಯೆರ್ ಪೆರೆಸ್ ದೆ ಕ್ವೆಯಾರ್ ಕೊಟ್ಟ ತೀರ್ಪು ನೋಡಿ. ಫ್ರಾನ್ಸ್ ಕ್ಷಮೆ ಕೇಳಬೇಕು, 70 ಲಕ್ಷ ಡಾಲರ್ ಕೊಡಬೇಕು. ಏಜೆಂಟರು ಜೈಲಿನಿಂದ ಹೊರಬಂದು ಹಾವೊ ದ್ವೀಪದ ಫ್ರೆಂಚ್ ಸೇನಾ ನೆಲೆಯಲ್ಲಿ 3 ವರ್ಷ ಇರಬೇಕು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತು: 1987ರಲ್ಲಿ 77,000 ಟನ್, 1988ರಲ್ಲಿ 75,000 ಟನ್‌ವರೆಗೆ ನ್ಯೂಜಿಲೆಂಡ್ ಬೆಣ್ಣೆ ಬ್ರಿಟನ್ನಿಗೆ ಹೋಗುವುದನ್ನು ಫ್ರಾನ್ಸ್ ವಿರೋಧಿಸಬಾರದು. ಕೊಲೆ ಕೇಸಿನ ಇತ್ಯರ್ಥದಲ್ಲಿ ಬೆಣ್ಣೆಯ ತೂಕ! ಈ ಸಾಲಿಗೆ ನಾನು ಎರಡು ಗೆರೆ ಎಳೆದಿದ್ದೇನೆ.

ಆ 3 ವರ್ಷವೂ ಪೂರ್ತಿಯಾಗಲಿಲ್ಲ. ಕಾಯಿಲೆ ಎಂದು ಮಫಾರ್‌ನನ್ನು 1987ರ ಡಿಸೆಂಬರ್‌ನಲ್ಲಿ, ಗರ್ಭಿಣಿ ಎಂದು ಪ್ರಿಯೂರ್‌ಳನ್ನು 1988ರ ಮೇ ತಿಂಗಳಲ್ಲಿ ಫ್ರಾನ್ಸ್ ವಾಪಸ್ ಕರೆಸಿಕೊಂಡಿತು. ಇಬ್ಬರನ್ನೂ ಮತ್ತೆ ದ್ವೀಪಕ್ಕೆ ಕಳಿಸದೇ ಫ್ರಾನ್ಸ್ ಒಪ್ಪಂದ ಉಲ್ಲಂಘಿಸಿದೆ ಎಂದು 1990ರಲ್ಲಿ ಎರಡೂ ದೇಶಗಳ ವ್ಯಾಜ್ಯ ಕೇಳಿದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಹೇಳಿತು. ಆದರೆ ಅವರಿಬ್ಬರನ್ನು ದ್ವೀಪಕ್ಕೆ ತಿರುಗಿ ಕಳಿಸಿ ಎಂದು ಆದೇಶಿಸಲಿಲ್ಲ.