ಅರ್ಧ ಖಾಲಿ ಬಿದ್ದ ಸರ್ಕಾರಿ ಕಚೇರಿಗೆ ಎಷ್ಟು ದುಡ್ಡು ಹೋಗುತ್ತದೆ?

ಓದುಗರ ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯ ಸರ್ಕಾರಿ ಕಚೇರಿಯೊಂದರ ಮೇಲಿನ ಮಹಡಿಗೆ ಬೀಗ ಬಿದ್ದು ಎಷ್ಟೋ ಕಾಲವಾಯಿತು. ಅರ್ಜಿಗಳು ಸೇವಾಸಿಂಧುವಿಗೆ, ಕಡತಗಳು ಇ-ಆಫೀಸಿಗೆ ಹೋಗಿವೆ, ಕೂರುವವರೂ ಕಡಿಮೆ. ಅದೇ ರಸ್ತೆಯಲ್ಲಿ ಇನ್ನೊಂದು ಇಲಾಖೆ ಖಾಸಗಿ ಕಟ್ಟಡಕ್ಕೆ ಬಾಡಿಗೆ ಕಟ್ಟುತ್ತಿದೆ. ಖಾಲಿ ಜಾಗಕ್ಕೆ ಆಗುತ್ತಿರುವ ಖರ್ಚನ್ನು ತಿಳಿಯುವುದು ಹೇಗೆ?

ಉತ್ತರ: ಬೀಗ ಹಾಕಿದ ಮಹಡಿಗಿಂತ ಅದೇ ರಸ್ತೆಯ ಬಾಡಿಗೆ ಕಟ್ಟಡವನ್ನೇ ಮೊದಲು ನೋಡಿ. ಉಳಿತಾಯ ಇರುವುದು ಅಲ್ಲಿ.

ಮಹಡಿ ಮುಚ್ಚಿದ ಮಾತ್ರಕ್ಕೆ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ರಾತ್ರಿ ಕಾವಲುಗಾರ ಹೇಗೂ ಬೇಕು. ಲಿಫ್ಟು, ಜನರೇಟರುಗಳ ವಾರ್ಷಿಕ ನಿರ್ವಹಣೆ ಗುತ್ತಿಗೆ ತಲೆ ಎಣಿಸಿ ಬರುವಂಥದ್ದಲ್ಲ. ಮೈಸೂರು ಭಾಗಕ್ಕೆ ವಿದ್ಯುತ್ ಕೊಡುವ ಸೆಸ್ಕ್‌ನ ಬಿಲ್ ತೆಗೆದು ನೋಡಿದರೆ ಉರಿಸಿದ ಯೂನಿಟ್ಟಿನ ಲೆಕ್ಕ ಒಂದು, ಮಂಜೂರಾದ ಲೋಡಿನ ಮೇಲೆ ಹಾಕುವ ನಿಗದಿತ ಶುಲ್ಕ ಇನ್ನೊಂದು. 40 ಕಿಲೋವ್ಯಾಟ್ ಪಡೆದ ಕಚೇರಿ 15 ಮಾತ್ರ ಬಳಸಿದರೂ ನಿಗದಿತ ಶುಲ್ಕ 40ಕ್ಕೇ. ಲೋಡ್ ಇಳಿಸಲು ಅರ್ಜಿ ಕೊಡಬಹುದು. ಆದರೆ ನಾಳೆ ಬೇಕಾದರೆ ಮತ್ತೆ ಠೇವಣಿ, ಮತ್ತೆ ಮಂಜೂರಾತಿ ಎಂದು ಆ ಕಡತದ ತಂಟೆಗೆ ಹೋಗುವವರು ಕಡಿಮೆ.

ಹಾಗಾಗಿ ತಲಾ ಖರ್ಚು ಲೆಕ್ಕ ಹಾಕಬೇಕು. ಒಂದು ಕಟ್ಟಡಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಮಂಜೂರಾದ ಹುದ್ದೆ 40 ಎಂದು ಭಾಗಿಸಿದರೆ ತಲಾ 30,000. ನಿಜಕ್ಕೂ ಬಂದು ಕೂರುವವರು 16 ಮಂದಿಯಾದರೆ ತಲಾ 75,000. ವರದಿಗಳಲ್ಲಿ ಮೊದಲ ಅಂಕಿ ಕಾಣಿಸಿಕೊಳ್ಳುತ್ತದೆ. ನಿಮಗೆ ಬೇಕಾದದ್ದು ಎರಡನೆಯದು. ಅದಕ್ಕೆ ಹಾಜರಾತಿ ಬೇಕು.

ಅಮೆರಿಕದಲ್ಲಿ ಇದೇ ಲೆಕ್ಕವನ್ನು ದೊಡ್ಡ ಮಟ್ಟದಲ್ಲಿ ಹಾಕಿದರು. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2023ರಲ್ಲಿ 24 ಇಲಾಖೆಗಳ ಕೇಂದ್ರ ಕಚೇರಿಗಳನ್ನು ಪರಿಶೀಲಿಸಿತು. 17 ಕಡೆ ಬಳಕೆ ಸರಾಸರಿ ಶೇ 25 ಅಥವಾ ಅದಕ್ಕೂ ಕಡಿಮೆ ಎಂದು ಅಂದಾಜಾಯಿತು. ಸರ್ಕಾರಿ ಕಚೇರಿ ಕಟ್ಟಡಗಳನ್ನು ನಡೆಸುವುದಕ್ಕೇ ಅಲ್ಲಿ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಬೇಕಾಗುತ್ತಿತ್ತು. ಆಗ ಅಲ್ಲಿ ಮುಖ್ಯ ಕಾರಣ ಮನೆಯಿಂದ ಕೆಲಸವಾಗಿತ್ತು. ನಮ್ಮಲ್ಲಿ ಹಾಗಲ್ಲ: ಖಾಲಿ ಹುದ್ದೆಗಳು, ಆನ್‌ಲೈನ್ ಅರ್ಜಿ, ಮತ್ತು ಒಬ್ಬರ ಕೊಠಡಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡದ ಇಲಾಖೆಗಳು. ಮೂರನೆಯದಕ್ಕೆ ಯಾವ ತಂತ್ರಜ್ಞಾನವೂ ಮದ್ದಲ್ಲ.

ಇನ್ನು ದಾಖಲೆ ಪಡೆಯುವ ದಾರಿ. ಎರಡು ಕಚೇರಿ ಎಂದರೆ ಮಾಹಿತಿ ಹಕ್ಕಿನ ಎರಡು ಅರ್ಜಿ. ನಮೂನೆ ‘ಎ’ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಆಯಾ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ‘ಏಕೆ’ ಎಂಬ ಪದದಲ್ಲಿ. ‘ಮಹಡಿ ಖಾಲಿ ಬಿಟ್ಟಿದ್ದೇಕೆ?’ ಎಂದು ಕೇಳಿದರೆ ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಎಂಬ ಹಿಂಬರಹ ಸಿಗುತ್ತದೆ. ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ.

ಬೀಗ ಬಿದ್ದ ಕಚೇರಿಯಿಂದ ಕೊಠಡಿವಾರು ಹಂಚಿಕೆ ಪಟ್ಟಿ, ಮಂಜೂರಾದ ಮತ್ತು ಭರ್ತಿಯಾದ ಹುದ್ದೆಗಳ ಪಟ್ಟಿ, ತಿಂಗಳುವಾರು ಹಾಜರಾತಿಯ ಒಟ್ಟು ಸಂಖ್ಯೆ (ಹೆಸರು ಬೇಡ, ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕುತ್ತಾರೆ), 12 ತಿಂಗಳ ವಿದ್ಯುತ್ ಬಿಲ್ಲುಗಳು. ಬಿಲ್ಲಿನಲ್ಲಿ ಆರ್.ಆರ್. ನಂಬರ್ ಇರುತ್ತದೆ, ಕೆಲವು ಕಟ್ಟಡಗಳಿಗೆ ಎರಡು ಮೂರು ಮೀಟರ್ ಇರುವುದರಿಂದ ಎಲ್ಲ ನಂಬರುಗಳನ್ನೂ ಕೇಳಿ. ಬಾಡಿಗೆ ಕಟ್ಟಡದವರಿಂದ ಕರಾರುಪತ್ರ, ಬಾಡಿಗೆ ನಿಗದಿಗೆ ಲೋಕೋಪಯೋಗಿ ಇಲಾಖೆ ಕೊಟ್ಟ ಪ್ರಮಾಣಪತ್ರ, ಎಲ್ಲಕ್ಕಿಂತ ಮುಖ್ಯವಾಗಿ ‘ಸರ್ಕಾರಿ ಕಟ್ಟಡ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಮತ್ತು ಅದರ ದಿನಾಂಕ. ಬಾಡಿಗೆ ಕರಾರು ವರ್ಷ ವರ್ಷ ನವೀಕರಣವಾಗಿ, ಈ ಪತ್ರ ಮಾತ್ರ ಹಳೆಯದೇ ಉಳಿದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಬಾಡಿಗೆ ಕಟ್ಟಡದ ಕಚೇರಿಯನ್ನು ಖಾಲಿ ಮಹಡಿಗೆ ತರುವುದು ಅಷ್ಟು ಸುಲಭವೂ ಅಲ್ಲ. ಕಡತ ತುಂಬಿದ ಕಬ್ಬಿಣದ ರ‍್ಯಾಕುಗಳ ಭಾರ ಮೇಲಿನ ಚಾವಣಿಗೆ ಹೆಚ್ಚಾಗಬಹುದು. ರೆಕಾರ್ಡ್ ರೂಂ ನೆಲಮಹಡಿಯಲ್ಲೇ ಇರಲಿ ಎಂದು ಎಂಜಿನಿಯರುಗಳು ಹೇಳುವುದು ಅದಕ್ಕೇ. ವಯಸ್ಸಾದವರು, ಅಂಗವಿಕಲರು ಬರುವ ಕಚೇರಿಯಾದರೆ ಕೆಲಸ ಮಾಡುವ ಲಿಫ್ಟ್ ಬೇಕು. ಪಾರಂಪರಿಕ ಕಟ್ಟಡವಾದರೆ ಗೋಡೆ ಒಡೆದು ಪಾರ್ಟಿಷನ್ ಹಾಕುವಂತಿಲ್ಲ. ಹಾಗೆಂದು ಖಾಲಿಯೇ ಬಿಟ್ಟರೆ ಅದೂ ಕೇಡು. ಎಲೆ ತುಂಬಿ ಮಳೆನೀರಿನ ಕೊಳವೆ ಕಟ್ಟುತ್ತದೆ, ತಾರಸಿ ಜಿನುಗುತ್ತದೆ, ಪ್ಯಾರಾಪೆಟ್ಟಿನ ಸಂದಿಯಲ್ಲಿ ಅರಳಿ ಸಸಿ ಬೇರಿಳಿಸಿ ಗಾರೆ ಬಿಡಿಸುತ್ತದೆ. ಜನ ಓಡಾಡುವ ಮಹಡಿಯಾದರೆ ಮೊದಲ ಮಳೆಗೇ ಯಾರಾದರೂ ದೂರು ಕೊಡುತ್ತಿದ್ದರು.

ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ವಿಷಯ ತಮ್ಮದಲ್ಲ ಎನ್ನುವವರು 5 ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ತಾವೇ ವರ್ಗಾಯಿಸಬೇಕು, ನಿಮ್ಮನ್ನು ಅಲೆಸುವಂತಿಲ್ಲ. ಗಡುವು ಮೀರಿದರೆ ದಾಖಲೆಯ ಪ್ರತಿಗಳು ಉಚಿತ. ಆಮೇಲಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಅರ್ಜಿ ಕೊಟ್ಟಾಗಲೇ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ದಿನ ಲೆಕ್ಕವಾಗುವುದು ಅದರಿಂದ.