ಕೂಗು ಕೇಳುತ್ತೆ, ಹಕ್ಕಿ ಕಾಣಲ್ಲ. ಬೈನಾಕ್ಯುಲರ್ ತಗೋಬೇಕಾ?

ಓದುಗರ ಪ್ರಶ್ನೆ: ಮನೆ ಸುತ್ತ ಒಂದಿಷ್ಟು ಗಿಡ, ಎರಡು ಮೂರು ಮರ ಇವೆ. ಬೆಳಿಗ್ಗೆ ಎದ್ದರೆ ಕಿವಿ ತುಂಬ ಹಕ್ಕಿಗಳ ಕೂಗು. ಆದರೆ ಹೊರಗೆ ಬಂದು ನೋಡಿದರೆ ಕಾಗೆ, ಪಾರಿವಾಳ ಬಿಟ್ಟು ಏನೂ ಕಾಣಲ್ಲ. ಏನಾದರೂ ಕಂಡರೂ ಹೆಸರು ಗೊತ್ತು ಮಾಡಿಕೊಳ್ಳುವಷ್ಟರಲ್ಲಿ ಹಾರಿಹೋಗಿರುತ್ತೆ. ಬೈನಾಕ್ಯುಲರ್ ಇಲ್ಲದಿರೋದೇ ಕಾರಣವಾ? ಇನ್ನೊಂದು, ಪೊದೆಯೊಳಗಿಂದ ‘ಊಪ್ ಊಪ್’ ಅಂತ ದಪ್ಪ ದನಿ ಬರುತ್ತೆ. ಅದು ಗೂಬೆಯಾ?

ಬೈನಾಕ್ಯುಲರ್ ಆಮೇಲೆ ತಗೊಳ್ಳಿ. ಮೊದಲು ಒಂದು ಕುರ್ಚಿ ಹಾಕಿಕೊಳ್ಳಿ.

ತಮಾಷೆಗೆ ಹೇಳುತ್ತಿಲ್ಲ. ಕೂಗು ಕೇಳಿದ ತಕ್ಷಣ ನಾವು ಮಾಡುವುದೇನು? ಬಾಗಿಲು ತೆಗೆದು, ಚಪ್ಪಲಿ ಮೆಟ್ಟಿಕೊಂಡು, ಮರದ ಬುಡಕ್ಕೇ ಹೋಗಿ ಕತ್ತೆತ್ತುತ್ತೇವೆ. ಹೆಚ್ಚಿನ ತೋಟದ ಹಕ್ಕಿಗಳ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತವೆ. ಕತ್ತು ತಿರುಗಿಸದೆ ಸುತ್ತಲಿನ ಹೆಚ್ಚಿನ ಭಾಗ ಅವಕ್ಕೆ ಕಾಣುತ್ತದೆ. ನೀವು ಬಾಗಿಲು ತೆಗೆದದ್ದು, ಕೈ ಬೀಸಿದ್ದು, ಕತ್ತೆತ್ತಿದ್ದು ಎಲ್ಲ ಅವು ನೋಡಿಯಾಗಿದೆ. ನೀವು ಮರದ ಬುಡ ಸೇರುವಷ್ಟರಲ್ಲಿ ಅರ್ಧ ಹಕ್ಕಿಗಳು ಪಕ್ಕದ ಮರದಲ್ಲಿ, ಉಳಿದರ್ಧ ಎಲೆ ಹಿಂದೆ ಬಾಯಿ ಮುಚ್ಚಿಕೊಂಡು ಕೂತಿರುತ್ತವೆ.

ಅದಕ್ಕೇ ಕುರ್ಚಿ. ಗೋಡೆಗೋ ಗಿಡಕ್ಕೋ ಬೆನ್ನು ಕೊಟ್ಟು, ಸೂರ್ಯ ನಿಮ್ಮ ಹಿಂದೆ ಇರುವ ಹಾಗೆ ಕೂತುಕೊಳ್ಳಿ. ಸೂರ್ಯ ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪು ಹಕ್ಕಿಯೇ. ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ಬೇಜಾರಾಗುತ್ತದೆ, ಫೋನ್ ತೆಗೆಯೋಣ ಅನ್ನಿಸುತ್ತದೆ. ಆಮೇಲೆ ತೋಟ ನಿಮ್ಮನ್ನು ಮರೆಯುತ್ತದೆ. ನೋಡಬೇಕಾದ್ದು ಅಲ್ಲಿಂದ ಮುಂದೆ.

ಹೊತ್ತು ಯಾವುದು ಅಂತ ಕೇಳಿದರೆ, ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ. ರಾತ್ರಿಯೆಲ್ಲ ಹೊಟ್ಟೆ ಖಾಲಿ ಇರುತ್ತದೆ, ತಿನ್ನಲೇಬೇಕು. ಸಂಜೆಯೂ ಪರವಾಗಿಲ್ಲ. ಮಳೆ ಬಂದು ಬಿಟ್ಟ ಅರ್ಧ ಗಂಟೆ ಇದೆಯಲ್ಲ, ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ರೆಕ್ಕೆ ಒಣಗಿಸಿಕೊಳ್ಳಲು ಬಯಲಿಗೆ ಬಂದು ಕೂರುತ್ತವೆ.

ಕೂತ ಮೇಲೆ ಹೇಗೆ ನೋಡುವುದು? ಎಲೆ ಎಲೆ ಹುಡುಕಬೇಡಿ. ಇಡೀ ಮರವನ್ನು ಸುಮ್ನೆ ಒಟ್ಟಿಗೆ ನೋಡುತ್ತಿರಿ. ಗಾಳಿ ಬೀಸಿದರೆ ಎಲ್ಲ ಎಲೆ ಒಟ್ಟಿಗೆ ಅಲುಗುತ್ತವೆ. ಒಂದೇ ಒಂದು ಕೊಂಬೆ ಬೇರೆ ತಾಳದಲ್ಲಿ ಅಲುಗಿತು ಅಂದರೆ ಅಲ್ಲಿ ಯಾರೋ ಇದ್ದಾರೆ. ಅಳಿಲೂ ಇರಬಹುದು, ಅದು ಬೇರೆ ಮಾತು.

ಇನ್ನು ಹೆಸರಿನ ವಿಷಯ. ಎಲ್ಲರೂ ಮಾಡುವ ತಪ್ಪು ಬಣ್ಣದಿಂದ ಶುರು ಮಾಡುವುದು. ನಾನೂ ಮಾಡಿದ್ದೇನೆ. ಒಮ್ಮೆ ಮೈ ತುಂಬ ಬಿಳಿ ಚುಕ್ಕೆ ಇರುವ, ಬಾಲದಲ್ಲಿ ಪಟ್ಟೆ ಪಟ್ಟೆ ಇರುವ ದೊಡ್ಡ ಕಂದು ಹಕ್ಕಿಯೊಂದು ಹಣ್ಣಿನ ಮರಕ್ಕೆ ಬರುತ್ತಿತ್ತು. ಅಪರೂಪದ್ದೇನೋ ಸಿಕ್ಕಿತು ಅಂತ ಒಂದು ವಾರ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದೆ. ವಾರದ ಕೊನೆಗೆ ಅದರ ಪಕ್ಕ ಕೆಂಪು ಕಣ್ಣಿನ ಕಪ್ಪು ಹಕ್ಕಿಯೊಂದು ಬಂದು ಕೂತು ‘ಕುಹೂ’ ಅಂದಿತು. ನನ್ನ ಅಪರೂಪದ ಹಕ್ಕಿ ಹೆಣ್ಣು ಕೋಗಿಲೆ! ಇಂಪಾಗಿ ಕುಹೂ ಅನ್ನುವುದು ಗಂಡು. ಹೆಣ್ಣಿನದು ‘ಕಿಕ್ ಕಿಕ್ ಕಿಕ್’ ಅನ್ನುವ ಗಡಿಬಿಡಿಯ ಕೂಗು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಕಾಗೆ ಗೂಡಲ್ಲಿ ಕದ್ದು ಮೊಟ್ಟೆ ಇಡುವವಳು ಅವಳೇ. ಎಷ್ಟೋ ಸಲ ನಿಜವಾಗಿಯೂ ಕಾಗೆಗಳು ಅಟ್ಟಿಸಿಕೊಂಡು ಬಂದಿರುತ್ತವೆ.

ಬಣ್ಣ ಗಂಡಿಗೊಂದು, ಹೆಣ್ಣಿಗೊಂದು, ಮರಿಗೊಂದು. ನೆರಳಲ್ಲಿ ಒಂದು, ಬಿಸಿಲಲ್ಲಿ ಇನ್ನೊಂದು. ಸೂರಕ್ಕಿಯಲ್ಲಂತೂ ಕಾಲಕ್ಕೂ ಬದಲಾಗುತ್ತದೆ. ಬಿಸಿಲಲ್ಲಿ ನೇರಳೆ-ನೀಲಿ ಮಿಂಚುವ ಗಂಡು ಸೂರಕ್ಕಿ, ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನಂತೆ ಮಾಸಲು ಹಳದಿಯಾಗುತ್ತದೆ. ಗಂಟಲಿಂದ ಹೊಟ್ಟೆವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ, ಶಾಯಿ ಚೆಲ್ಲಿದ ಹಾಗೆ. ಬಣ್ಣ ನಂಬಿದರೆ ಒಂದೇ ಹಕ್ಕಿಯನ್ನು ಮೂರು ಅಂತ ಬರೆದುಕೊಳ್ಳುತ್ತೀರಿ.

ಹಾಗಾದರೆ ಏನು ನೋಡಬೇಕು? ಮೊದಲು ಗಾತ್ರ. ನಿಮಗೆ ಆಗಲೇ ಗೊತ್ತಿರುವ ಮೂರು ಹಕ್ಕಿಗಳನ್ನೇ ಅಳತೆಗೋಲು ಮಾಡಿಕೊಳ್ಳಿ: ಗುಬ್ಬಿ ಸುಮಾರು 15 ಸೆಂಟಿಮೀಟರ್, ಗೊರವಂಕ ಸುಮಾರು 25, ಕಾಗೆ 40ಕ್ಕಿಂತ ಸ್ವಲ್ಪ ಜಾಸ್ತಿ. ‘ಗುಬ್ಬಿಗಿಂತ ಚಿಕ್ಕದು’ ಅಂತ ಗೊತ್ತಾದರೇ ಅರ್ಧ ಪಟ್ಟಿ ಹೊಡೆದುಹಾಕಬಹುದು. ಆಮೇಲೆ ಕೊಕ್ಕು. ತೆಳ್ಳಗೆ ಬಾಗಿದ್ದರೆ ಮಕರಂದ ಕುಡಿಯುವುದು, ಗಿಡ್ಡ ದಪ್ಪವಾಗಿದ್ದರೆ ಕಾಳು ಒಡೆಯುವುದು, ಸೂಜಿಯ ಹಾಗಿದ್ದರೆ ಹುಳ ಹೆಕ್ಕುವುದು.

ಎಲ್ಲಕ್ಕಿಂತ ಮುಖ್ಯವಾದ್ದು, ಅದು ಏನು ಮಾಡುತ್ತಿದೆ ಅನ್ನುವುದು. ನಮಗೆ ಗೊತ್ತಿರುವವರು ರಸ್ತೆಯ ಆ ತುದಿಯಲ್ಲಿ ಬರುತ್ತಿದ್ದರೆ ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತು ಹಿಡಿಯುತ್ತೇವೆ, ಅಲ್ವಾ? ಹಕ್ಕಿಯೂ ಹಾಗೇ. ತಂತಿಯ ಮೇಲೆ ಒಂದೇ ಕೂತು, ಹಾರಿ ಗಾಳಿಯಲ್ಲೇ ಹುಳ ಹಿಡಿದು, ಮತ್ತೆ ಅದೇ ಜಾಗಕ್ಕೆ ಬಂದು ಕೂತರೆ ಕಾಜಾಣ. ಬಾಲ ಮೀನಿನ ಬಾಲದ ಹಾಗೆ ಸೀಳಿದೆಯಾ ನೋಡಿ. ನೆಲದ ಮೇಲೆ ಏಳೆಂಟು ಮಂದಿ ಕುಪ್ಪಳಿಸುತ್ತಾ, ತರಗೆಲೆ ಮಗುಚುತ್ತಾ, ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳದೆ ಗಲಗಲ ಅನ್ನುತ್ತಿದ್ದರೆ ಹರಟೆಮಲ್ಲ. ಆ ಹೆಸರಿಟ್ಟವರಿಗೆ ಕೈ ಮುಗಿಯಬೇಕು. ಬಾಲ ಮೇಲೆತ್ತಿಕೊಂಡು ಕಾಂಪೌಂಡ್ ಮೇಲೆ ಕೂತು ಬೆಳಗಿನ ಜಾವ ಸಿಳ್ಳೆ ಹೊಡೆಯುವ ಕಪ್ಪು-ಬಿಳುಪು ಹಕ್ಕಿ ಮಡಿವಾಳ. ಜುಟ್ಟು ಇದ್ದು, ಬಾಲದ ಬುಡದಲ್ಲಿ ಕೆಂಪು ಇದ್ದರೆ ಪಿಕಳಾರ.

ಟುವ್ವಿ ಹಕ್ಕಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ‘ಕೂಗು ಕೇಳುತ್ತೆ, ಕಾಣಲ್ಲ’ ಅಂದಿರಲ್ಲ, ಆ ಪಟ್ಟಿಯಲ್ಲಿ ಇವನು ಇದ್ದೇ ಇರುತ್ತಾನೆ. 10 ಗ್ರಾಂ ತೂಗುವುದೂ ಕಷ್ಟ, ಆದರೆ ‘ಟುವೀ ಟುವೀ ಟುವೀ’ ಅಂತ ಇಡೀ ಮನೆಗೆ ಕೇಳುವ ಗಂಟಲು. ದನಿ ಕೇಳಿ ದೊಡ್ಡ ಹಕ್ಕಿ ಅಂತ ಮರದ ತುದಿಯಲ್ಲಿ ಹುಡುಕುತ್ತೀರಿ. ಅವನು ನಿಮ್ಮ ಮೊಣಕಾಲೆತ್ತರದ ಗಿಡದಲ್ಲಿರುತ್ತಾನೆ. ಹಸಿರು ಬೆನ್ನು, ಇಟ್ಟಿಗೆ ಬಣ್ಣದ ಟೋಪಿ, ಆಕಾಶ ತೋರಿಸುವ ಬಾಲ.

ಅಗಲ ಎಲೆಯ ಗಿಡ ಇದ್ದರೆ ಗೂಡೂ ಸಿಗಬಹುದು. ಎಲೆಯ ಎರಡು ಅಂಚು ಹತ್ತಿರ ತಂದು, ಕೊಕ್ಕಿನಲ್ಲಿ ತೂತು ಮಾಡಿ, ನಾರು ಇಲ್ಲವೇ ಜೇಡರ ಬಲೆಯ ಎಳೆ ತೂರಿಸಿ ಹೊಲಿಯುತ್ತದೆ. ಗಂಟು ಹಾಕುವುದಿಲ್ಲ. ತೂತಿನಿಂದ ಈಚೆ ಬಂದ ಎಳೆಯ ತುದಿ ಬಿಚ್ಚಿಕೊಂಡು ಹರಡುತ್ತದೆ, ಅದೇ ಗುಂಡಿಯ ಹಾಗೆ ಹಿಡಿದುಕೊಳ್ಳುತ್ತದೆ. ಎಲೆ ಗಿಡದಲ್ಲೇ ಹಸಿರಾಗಿ ಉಳಿಯುವುದರಿಂದ ಅದೊಂದು ಗೂಡು ಅಂತ ಪಕ್ಕದಲ್ಲಿ ನಿಂತರೂ ಗೊತ್ತಾಗುವುದಿಲ್ಲ. ಕಂಡರೆ ಎಲೆ ಸರಿಸಿ ಇಣುಕಬೇಡಿ. ದೂರದಿಂದ ನೋಡಿ, ಬೇಗ ಸರಿದುಬಿಡಿ. ನಾವು ಪದೇ ಪದೇ ಹೋಗುವ ಜಾಗವನ್ನು ಕಾಗೆ, ಬೆಕ್ಕು ಎರಡೂ ಗಮನಿಸುತ್ತವೆ.

ದನಿಯಿಂದ ಮೋಸ ಮಾಡುವ ಇನ್ನೊಬ್ಬ ಕಂಚುಕುಟಿಗ. ‘ಟಕ್ ಟಕ್ ಟಕ್’ ಅಂತ ಪಾತ್ರೆ ತಟ್ಟಿದ ಹಾಗೆ ಬಿಡದೆ ಕೂಗುವವನು. ಕೂಗುವಾಗ ಕೊಕ್ಕು ತೆರೆಯುವುದಿಲ್ಲ, ಗಂಟಲು ಉಬ್ಬಿಸುತ್ತಾನೆ. ಜೊತೆಗೆ ತಲೆ ಆ ಕಡೆ ಈ ಕಡೆ ತಿರುಗಿಸುತ್ತಾನೆ. ಅದಕ್ಕೇ ಸದ್ದು ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ಬಂದಂತೆ ಕೇಳುತ್ತದೆ. ಹಸಿರು ಎಲೆಯ ನಡುವೆ ಹುಡುಕಿದರೆ ಹಸಿರು ಹಕ್ಕಿ ಸಿಗುವುದಿಲ್ಲ. ಎಲೆ ಉದುರಿದ ತುದಿಕೊಂಬೆ ನೋಡಿ. ಬೆಳಗಿನ ಬಿಸಿಲಿಗೆ ಅಲ್ಲೇ ಬಂದು ಕೂರುತ್ತಾನೆ.

ಕೂಗಿನ ವಿಷಯದಲ್ಲಿ ಇನ್ನೊಂದು ಗುಟ್ಟು. ಹಾಡಿಗಿಂತ ಬೈಗುಳ ಹೆಚ್ಚು ಉಪಯೋಗ. ಪಿಕಳಾರ, ಹರಟೆಮಲ್ಲ, ಅಳಿಲು ಎಲ್ಲ ಸೇರಿ ಒಂದೇ ಕಡೆ ಮುಖ ಮಾಡಿ ಬಾಯಿ ಬಡಿದುಕೊಳ್ಳುತ್ತಿದ್ದರೆ ಆ ಗದ್ದಲದ ನಡುವೆ ನೋಡಿ. ಶಿಕ್ರಾ ಅನ್ನುವ ಪುಟ್ಟ ಬೇಟೆಹಕ್ಕಿಯೋ, ಹಗಲು ಹೊತ್ತು ಸಿಕ್ಕಿಬಿದ್ದ ಗೂಬೆಯೋ, ಹಾವೋ ಇರುತ್ತದೆ. ಕೆಲವೊಮ್ಮೆ ಪಕ್ಕದ ಮನೆ ಬೆಕ್ಕು, ಅಷ್ಟೇ. ಕೂಗು ಕೇಳಿ ಹೆಸರು ಹೇಳುವ ‘ಮರ್ಲಿನ್’ ಅನ್ನುವ ಆಪ್ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು, ಉಚಿತ. ಬಳಸಿ. ಆದರೆ ಅದು ಹೇಳಿದ್ದನ್ನು ಸುಳಿವು ಅಂತ ಮಾತ್ರ ಇಟ್ಟುಕೊಂಡು ಹಕ್ಕಿಯನ್ನು ಕಣ್ಣಾರೆ ನೋಡಿ. ಕಾಜಾಣ, ಎಲೆಹಕ್ಕಿಯಂಥವು ಬೇರೆ ಹಕ್ಕಿಗಳ ದನಿ ಕದ್ದು ಕೂಗುತ್ತವೆ. ಮನುಷ್ಯರೇ ಮೋಸ ಹೋಗುತ್ತಾರೆ, ಫೋನ್ ಹೋಗದೇ ಇರುತ್ತದಾ? ಹಾಗೇ, ಹಕ್ಕಿ ಬರಲಿ ಅಂತ ಅದರ ಕೂಗನ್ನು ಫೋನಿನಲ್ಲಿ ಹಾಕಬೇಡಿ. ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ತಿಳಿದು, ತಿನ್ನುವುದು ಬಿಟ್ಟು ಜಗಳಕ್ಕೆ ಬರುತ್ತದೆ ಪಾಪ.

ಹಕ್ಕಿಯನ್ನು ಬಯಲಿಗೆ ತರಲು ನನ್ನ ಮಟ್ಟಿಗೆ ಕಾಳಿಗಿಂತ ನೀರು ಮೇಲು. ಕಾಳಿಗೆ ಪಾರಿವಾಳ ಬಂದು ಉಳಿದವರನ್ನು ಓಡಿಸುತ್ತದೆ. ನೀರಿಗೆ ಹುಳ ತಿನ್ನುವುದು, ಹಣ್ಣು ತಿನ್ನುವುದು, ಮಕರಂದ ಕುಡಿಯುವುದು ಎಲ್ಲವೂ ಬರುತ್ತವೆ. ಅಗಲವಾದ ಮಣ್ಣಿನ ತಟ್ಟೆ ಸಾಕು. ಎರಡು ಬೆರಳು ಆಳಕ್ಕಿಂತ ಜಾಸ್ತಿ ನೀರು ಬೇಡ, ನಡುವೆ ಒಂದು ಕಲ್ಲಿಡಿ. ಪೊದೆಗೆ ತೀರಾ ಅಂಟಿಸಿ ಇಡಬೇಡಿ, ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ನಾಲ್ಕೈದು ಹೆಜ್ಜೆ ದೂರದಲ್ಲಿರಲಿ. ನೀರು ದಿನಾ ಬದಲಾಯಿಸಿ, ತಟ್ಟೆ ಉಜ್ಜಿ ತೊಳೆಯಿರಿ. ಇನ್ನೊಂದು ಕೆಲಸ, ನಿಜ ಹೇಳಬೇಕೆಂದರೆ ಕೆಲಸ ಮಾಡದೇ ಇರುವುದು: ಒಂದು ಮೂಲೆಯ ತರಗೆಲೆ ಗುಡಿಸಬೇಡಿ. ಹುಳ ಅಲ್ಲಿರುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ನವರಂಗದಂಥ ವಲಸೆ ಹಕ್ಕಿ, ಅದೃಷ್ಟ ಇದ್ದರೆ, ಅಂಥ ಮೂಲೆಯಲ್ಲೇ ಎಲೆ ಕೆದಕುತ್ತಾ ಕಾಣುತ್ತದೆ.

ಕಂಡದ್ದನ್ನು ಬರೆದಿಡಿ. ಹೆಸರು ಗೊತ್ತಾಗದಿದ್ದರೆ ‘ಗೊರವಂಕದಷ್ಟು ದೊಡ್ಡದು, ಬಾಲ ಕುಣಿಸುತ್ತದೆ, ನೆಲದಲ್ಲೇ ಇತ್ತು’ ಅಂತ ಬರೆದರೂ ಸಾಕು. ಹೆಸರು ಆಮೇಲೆ ಸಿಗುತ್ತದೆ. ಪುಸ್ತಕ ತೆರೆಯುವುದಕ್ಕಿಂತ ಮೊದಲು ಬರೆಯಿರಿ. ಚಿತ್ರ ನೋಡಿದ ಮೇಲೆ ನೆನಪು ಚಿತ್ರದ ಕಡೆಗೇ ವಾಲುತ್ತದೆ. ಅಭ್ಯಾಸ ಹಿಡಿದರೆ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಅಂತ ನಡೆಯುತ್ತದೆ, ಅದರಲ್ಲಿ ಸೇರಿಕೊಳ್ಳಿ. 1998ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, 2013ರಿಂದ ಜಗತ್ತಿನಾದ್ಯಂತ ನಡೆಯುತ್ತಿದೆ. ಒಂದೇ ಕಡೆ ಕನಿಷ್ಠ 15 ನಿಮಿಷ ಕೂತು ಎಣಿಸಿ ಪಟ್ಟಿ ಕಳಿಸಿದರೆ ಆಯಿತು. ಕುರ್ಚಿ ಹೇಗೂ ಇದೆಯಲ್ಲ.

ಎರಡು ಮೂರು ತಿಂಗಳು ಹೀಗೆ ಕೂತ ಮೇಲೂ ಆಸೆ ಉಳಿದಿದ್ದರೆ ಬೈನಾಕ್ಯುಲರ್ ತಗೊಳ್ಳಿ. 8x42 ಅಂತ ಬರೆದಿರುವುದು ಒಳ್ಳೆಯದು. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಜಾಸ್ತಿ ಪಟ್ಟು ಇದ್ದರೆ ಜಾಸ್ತಿ ಕಾಣುತ್ತದೆ ಅನ್ನುವುದು ಅಂಗಡಿ ಮಾತು. ಪಟ್ಟು ಏರಿದಷ್ಟೂ ಕೈನಡುಕವೂ ಏರುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ. ಚುರುಕಾದ ತೋಟದ ಹಕ್ಕಿಗೆ ಅದು ಒಗ್ಗುವುದಿಲ್ಲ. ಬಳಸುವಾಗ ಹಕ್ಕಿಯ ಮೇಲಿಂದ ಕಣ್ಣು ಕೀಳಬೇಡಿ. ನೋಟ ಅಲ್ಲೇ ಇರಲಿ, ಬೈನಾಕ್ಯುಲರ್ ಕಣ್ಣಿನ ಹತ್ತಿರ ಬರಲಿ. ಕೆಳಗೆ ನೋಡಿ ಎತ್ತಿಕೊಂಡು ಆಮೇಲೆ ಹುಡುಕಿದಿರೋ, ಬರೀ ಎಲೆ.

ಕೊನೆಗೆ ನಿಮ್ಮ ‘ಊಪ್ ಊಪ್’. ಗೂಬೆ ಅಲ್ಲ, ಬಹುಮಟ್ಟಿಗೆ ಕೆಂಬೂತ. ಕಾಗೆಗಿಂತ ಸ್ವಲ್ಪ ಉದ್ದ, ಕಪ್ಪು ಮೈ, ತಾಮ್ರದ ಬಣ್ಣದ ರೆಕ್ಕೆ, ಕೆಂಪು ಕಣ್ಣು, ಉದ್ದನೆ ಬಾಲ. ಹಾರುವುದಕ್ಕೆ ಸೋಮಾರಿ, ನಡೆಯುವುದೇ ಹೆಚ್ಚು. ಇಷ್ಟು ದಿನ ನೀವು ಕತ್ತೆತ್ತಿ ಹುಡುಕಿದ್ದೀರಿ ಅಂತ ಕಾಣುತ್ತದೆ. ನಾಳೆ ಬೆಳಿಗ್ಗೆ ಬೇಲಿಯ ಬುಡ ನೋಡಿ.