ಎಕ್ಸ್‌ಪೋರ್ಟ್ ಆಯಿತು, ಬಳಸುವ ಹಕ್ಕು ಬಂತೇ?

ಅನಿಮೇಷನ್, ಗೇಮ್ ಸ್ಟುಡಿಯೊಗಳ ಒಪ್ಪಂದ ಪತ್ರಗಳನ್ನು ಪರಿಶೀಲಿಸಿಕೊಡುವುದು ನನ್ನ ವೃತ್ತಿ. ಬೆಂಗಳೂರಿನ ಸ್ಟುಡಿಯೊಗಳಿಂದ ಪದೇ ಪದೇ ಬರುವ ಪ್ರಶ್ನೆ ಒಂದಿದೆ: ‘ಸರ್, ಮೆಟಾಹ್ಯೂಮನ್ ಕ್ಯಾರೆಕ್ಟರನ್ನು ಬ್ಲೆಂಡರ್‌ನಲ್ಲೋ ಯೂನಿಟಿಯಲ್ಲೋ ಬಳಸಬಹುದಾ?’ ಮೆಟಾಹ್ಯೂಮನ್ ಎಂದರೆ ಎಪಿಕ್ ಗೇಮ್ಸ್ ಕಂಪನಿಯ ಸಾಧನದಿಂದ ಮಾಡುವ 3ಡಿ ಮನುಷ್ಯ ಪಾತ್ರ; ಬ್ಲೆಂಡರ್ 3ಡಿ ಚಿತ್ರ ತಯಾರಿಸುವ ಸಾಫ್ಟ್‌ವೇರ್, ಯೂನಿಟಿ ಗೇಮ್ ಕಟ್ಟುವ ಸಾಫ್ಟ್‌ವೇರ್. ಆ ಪ್ರಶ್ನೆಗೆ 2025ರ ಜೂನ್‌ಗೆ ಮೊದಲು ಇದ್ದ ಉತ್ತರ ಬೇರೆ, ಈಗಿನದು ಬೇರೆ.

ಎಪಿಕ್ ಗೇಮ್ಸ್ 2021ರಲ್ಲಿ ಮೆಟಾಹ್ಯೂಮನ್ ಕ್ರಿಯೇಟರ್ ಬಿಡುಗಡೆ ಮಾಡಿದಾಗ ಅದನ್ನು ಉಚಿತವಾಗಿಯೇ ಕೊಟ್ಟಿತು. ಚರ್ಮ, ಕೂದಲು, ಹಲ್ಲು, ಮುಖದ ರಿಗ್ (ಮುಖವನ್ನು ಚಲಿಸಲು ಬೇಕಾದ ಜೋಡಣೆ) ಎಲ್ಲವೂ ಸಿದ್ಧವಾಗಿರುವ ಮನುಷ್ಯಾಕೃತಿ ಸ್ವಲ್ಪ ಹೊತ್ತಿನಲ್ಲೇ ಕೈಗೆ ಸಿಗುತ್ತಿತ್ತು. ಕ್ವಿಕ್ಸೆಲ್ ಬ್ರಿಡ್ಜ್ ಎಂಬ ಆ್ಯಪ್ ಮೂಲಕ ಅದನ್ನು ಮಾಯಾ ಎಂಬ ಅನಿಮೇಷನ್ ಸಾಫ್ಟ್‌ವೇರ್‌ಗೆ ತಂದುಕೊಳ್ಳುವ ದಾರಿಯನ್ನೂ ಕಂಪನಿಯೇ ಮಾಡಿಕೊಟ್ಟಿತ್ತು. ಗೊಂದಲ ಶುರುವಾದದ್ದು ಅಲ್ಲಿಂದಲೇ.

ಒಂದು ಜಾಹೀರಾತಿನ ಕೆಲಸ ಎಂದಿಟ್ಟುಕೊಳ್ಳಿ. ಅನಿಮೇಟರ್ ಪಾತ್ರವನ್ನು ಮಾಯಾಗೆ ತಂದು, ಹುಬ್ಬು ತುಟಿಗಳ ಚಲನೆ ಕೂರಿಸಿ, ಮತ್ತೆ ಎಪಿಕ್‌ನದೇ ಗೇಮ್ ಸಾಫ್ಟ್‌ವೇರ್ ಆದ ಅನ್‌ರಿಯಲ್ ಎಂಜಿನ್‌ಗೆ ಒಯ್ದು ಅಲ್ಲಿ ರೆಂಡರ್ ಮಾಡಿದರೆ, ಅಂದರೆ ಕೊನೆಯ ಚಿತ್ರ ತೆಗೆದರೆ, ಆಗ ತಕರಾರಿರಲಿಲ್ಲ. ಅದೇ ಪಾತ್ರ, ಅದೇ ಚಲನೆಯನ್ನು ಮಾಯಾದಲ್ಲೇ ಆರ್ನಾಲ್ಡ್ ಎಂಬ ರೆಂಡರ್ ಸಾಫ್ಟ್‌ವೇರ್‌ನಿಂದ ರೆಂಡರ್ ಮಾಡಿ ಗ್ರಾಹಕರಿಗೆ ಕೊಟ್ಟರೆ ಲೈಸೆನ್ಸ್ ಉಲ್ಲಂಘನೆಯಾಗುತ್ತಿತ್ತು. ಬೇರೆ ಸಾಫ್ಟ್‌ವೇರ್‌ನಲ್ಲಿ ತಿದ್ದಬಹುದಿತ್ತು, ಆದರೆ ಕೊನೆಯ ಚಿತ್ರ ಅನ್‌ರಿಯಲ್‌ನಿಂದಲೇ ಹೊರಬರಬೇಕಿತ್ತು. ಫೈಲ್ ತೆರೆಯಿತು ಅಂದಮಾತ್ರಕ್ಕೆ ಬಳಸಲು ಅನುಮತಿ ಸಿಕ್ಕಿತು ಎಂದು ತಿಳಿಯುವುದು ಈ ರಂಗದಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಕಲ್ಪನೆ.

ಅನ್‌ರಿಯಲ್ ಎಂಜಿನ್ 5.6ರ ಜೊತೆಗೆ, 2025ರ ಜೂನ್‌ನಲ್ಲಿ, ಈ ಕಟ್ಟು ಸಡಿಲವಾಯಿತು. ಈಗ ಮೆಟಾಹ್ಯೂಮನ್ ಪಾತ್ರಗಳನ್ನು ಯೂನಿಟಿ, ಗೊಡೊ, ಬ್ಲೆಂಡರ್, ಹೌಡಿನಿ, ಯಾವುದರಲ್ಲಾದರೂ ಬಳಸಬಹುದು. ಕಲಾವಿದರು ಬಹಳ ದಿನಗಳಿಂದ ಕೇಳುತ್ತಿದ್ದದ್ದು ಇದನ್ನೇ, ನನಗೂ ಇದು ನಿಜಕ್ಕೂ ಸಂತೋಷದ ವಿಷಯ. ಆದರೆ ಹಳೆಯ ನಿಯಮ ಜಾರಿಯಲ್ಲಿದ್ದಾಗ ಹೊರಗೆ ರೆಂಡರ್ ಮಾಡಿ ಕೊಟ್ಟ ಕೆಲಸಗಳು ಹೊಸ ನಿಯಮದಿಂದ ತಾನಾಗಿಯೇ ಸಕ್ರಮವಾಗುತ್ತವೆ ಎಂದು ಭಾವಿಸಬೇಡಿ. ಅಂಥವಿದ್ದರೆ ವಕೀಲರಿಗೆ ತೋರಿಸಿ.

ಎಲ್ಲರಿಗೂ ಉಚಿತ ಎನ್ನುವುದೂ ಪೂರ್ತಿ ನಿಜವಲ್ಲ. ಕಂಪನಿಯ ವಾರ್ಷಿಕ ಆದಾಯ 10 ಲಕ್ಷ ಡಾಲರ್ ದಾಟಿದರೆ, ಅಂದರೆ ಎಂಟು ಕೋಟಿ ರೂಪಾಯಿಗೂ ಮೇಲೆ ಹೋದರೆ, ಲೆಕ್ಕ ಬದಲಾಗುತ್ತದೆ. ಸಿನಿಮಾ, ಜಾಹೀರಾತಿನಂಥ ಗೇಮ್ ಅಲ್ಲದ ಕೆಲಸಕ್ಕೆ ಅನ್‌ರಿಯಲ್‌ನ ಸೀಟ್ ಲೈಸೆನ್ಸ್, ಅಂದರೆ ಬಳಸುವ ಪ್ರತಿಯೊಬ್ಬರಿಗೂ ಒಂದರಂತೆ ಪರವಾನಗಿ, ಕೊಳ್ಳಬೇಕು. 2024ರಲ್ಲಿ ಅದು ಜಾರಿಗೆ ಬಂದಾಗ ಒಂದು ಸೀಟಿಗೆ ವರ್ಷಕ್ಕೆ 1,850 ಡಾಲರ್ ಇತ್ತು. ಇಲ್ಲಿ ನೋಡುವುದು ಆ ಒಂದು ಪ್ರಾಜೆಕ್ಟಿನ ಗಳಿಕೆಯನ್ನಲ್ಲ, ಇಡೀ ಕಂಪನಿಯ ಆದಾಯವನ್ನು. ಹೊರದೇಶದ ಕೆಲಸ ಮಾಡಿಕೊಡುವ ನಮ್ಮ ಮಧ್ಯಮ ಗಾತ್ರದ ಸ್ಟುಡಿಯೊಗಳು ಎಡವುವುದು ಇಲ್ಲೇ.

ಇನ್ನೊಂದು ಗಡಿ ಎಐ. ಮೆಟಾಹ್ಯೂಮನ್ ಪಾತ್ರಕ್ಕೆ ಎಐ ಮೂಲಕ ಮಾತು, ಹಾವಭಾವ ಕೊಡಿಸಲು ಅಡ್ಡಿಯಿಲ್ಲ. ಆ ಪಾತ್ರದ ಸಾವಿರಾರು ಮುಖಭಾವಗಳನ್ನು ರೆಂಡರ್ ಮಾಡಿ, ಮುಖ ಗುರುತಿಸುವ ಮಾಡೆಲ್ ತರಬೇತಿಗೆ ಡೇಟಾಸೆಟ್ ಕಟ್ಟುವುದಕ್ಕೆ ಮಾತ್ರ ಲೈಸೆನ್ಸ್ ಒಪ್ಪುವುದಿಲ್ಲ. ನೈಜ ಜನರ ಫೋಟೊ ಬಳಸಿದರೆ ಖಾಸಗಿತನದ ಪ್ರಶ್ನೆ ಬರುತ್ತದೆ ಎಂದು ಈ ದಾರಿ ಹಿಡಿಯುವ ಸ್ಟಾರ್ಟಪ್‌ಗಳ ಉದ್ದೇಶ ಒಳ್ಳೆಯದೇ. ಆದರೂ ದಾರಿ ಇದಲ್ಲ.

ನೈಜ ವ್ಯಕ್ತಿಯ ಮುಖ ಸ್ಕ್ಯಾನ್ ಮಾಡಿ ಪಾತ್ರ ಮಾಡಿದಾಗ ಎಪಿಕ್‌ನ ಅನುಮತಿ ಸಾಲದು, ಆ ವ್ಯಕ್ತಿಯ ಲಿಖಿತ ಒಪ್ಪಿಗೆಯೂ ಬೇಕು. ನಟ ಅನಿಲ್ ಕಪೂರ್ ಅವರ ಚಹರೆ, ಧ್ವನಿಗಳ ದುರ್ಬಳಕೆಗೆ ದೆಹಲಿ ಹೈಕೋರ್ಟ್ 2023ರಲ್ಲಿ ತಡೆ ಹಾಕಿದ್ದನ್ನು ನೆನಪಿಡಿ.

ಬೇರೆ ಕಂಪನಿಗಳ ಪಾತ್ರಗಳಿಗೆ ಬೇರೆ ಕಟ್ಟಳೆ. ಸಿದ್ಧ 3ಡಿ ಪಾತ್ರಗಳನ್ನು ಮಾರುವ ಡ್ಯಾಝ್ 3ಡಿಯಲ್ಲಿ ಕೊಂಡ ಪಾತ್ರದ ಸ್ಥಿರಚಿತ್ರ, ವಿಡಿಯೊಗಳನ್ನು ಮಾರಬಹುದು, ಅದೇ ಪಾತ್ರವನ್ನು 3ಡಿ ರೂಪದಲ್ಲೇ ಗೇಮ್‌ನೊಳಗೆ ಇಡಲು ಪ್ರತ್ಯೇಕ ಇಂಟರ‍್ಯಾಕ್ಟಿವ್ ಲೈಸೆನ್ಸ್ ಕೊಳ್ಳಬೇಕು. ಮೇಕ್‌ಹ್ಯೂಮನ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಎಕ್ಸ್‌ಪೋರ್ಟ್ ಮಾಡಿದ ಪಾತ್ರಗಳು ಸಿಸಿ0 (ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟ ಲೈಸೆನ್ಸ್) ಅಡಿ ಬರುವುದರಿಂದ ಅಷ್ಟು ತಲೆನೋವಿಲ್ಲ.

ಹಾಗಾಗಿ ಒಪ್ಪಂದ ಬರೆಯುವಾಗ ಪಾತ್ರ ಎಲ್ಲಿಂದ ಬಂತು, ಕೊನೆಯ ರೆಂಡರ್ ಯಾವುದರಲ್ಲಿ, ಗ್ರಾಹಕರಿಗೆ ಹೋಗುವುದು ವಿಡಿಯೊ ಮಾತ್ರವೋ ಅಥವಾ 3ಡಿ ಫೈಲೂ ಸೇರಿಯೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ. ಪಾತ್ರ ಡೌನ್‌ಲೋಡ್ ಮಾಡಿದ ದಿನವೇ ಅಂದಿನ ಲೈಸೆನ್ಸ್ ಪಠ್ಯದ ಪಿಡಿಎಫ್ ಉಳಿಸಿ, ಪ್ರಾಜೆಕ್ಟ್ ಫೋಲ್ಡರಿನಲ್ಲೇ ಇಡಿ.